ಐವತ್ತೆರಡು ನೆರಿಗೆ

ಮಾವ ಆಯಿಲ್ ಫಿಲ್ಟರನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಮೂಸಿ ನೋಡಿದರು, ಆಮೇಲೆ ಅಂಗೈಯಲ್ಲಿಟ್ಟು ತೂಗಿದರು. ಕಲ್ಲಂಗಡಿ ಹಣ್ಣಿಗೂ ಯಾರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ಎದುರಿಗಿದ್ದ ಎರಡರಲ್ಲಿ ಹೊಳೆಯುವ ಡಬ್ಬಿಯದನ್ನು ತಮ್ಮ ಕಡೆಗೆ ಎಳೆದುಕೊಂಡು, "ಇದೇ ಸರಿ. ಕೈಗೆ ಭಾರ ಸಿಗುತ್ತೆ," ಎಂದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರ ಮಾತು. ಬಿಡಿಭಾಗಗಳ ಅಂಗಡಿಯಾಕೆ ಎದುರಾಡಲಿಲ್ಲ. ಅದನ್ನು ಒಬ್ಬ ಏಜೆಂಟು ಹೋದ ವಾರವಷ್ಟೇ ಬಿಟ್ಟುಹೋಗಿದ್ದಾನೆ, ಇನ್ನೂ ಯಾರಿಗೂ ಕೊಟ್ಟು ನೋಡಿಲ್ಲ, ನಿಮ್ಮ ಕಾರಿಗಂತೂ ಎರಡೂ ಕೂರುತ್ತವೆ ಎಂದಷ್ಟೇ ಹೇಳಿದಳು.

ಅಳಿಯ ಎಣ್ಣೆಯ ಡಬ್ಬ ಹಿಡಿದು ಹಿಂದೆ ನಿಂತಿದ್ದ. ಅವನು ಬಂದದ್ದೇ ಅದನ್ನು ಹೊರಲು. ಅಪ್ಪನಿಗೆ ಬೆನ್ನುನೋವು, ಎತ್ತಬೇಡಿ ಅಂದರೆ ಬೇಕಂತಲೇ ಎತ್ತುತ್ತಾರೆ, ನೀವೂ ಜೊತೆಗೆ ಹೋಗಿ ಎಂದು ಹೆಂಡತಿ ಅಟ್ಟಿದ್ದಳು.

ಅಳಿಯ ದರ್ಜಿ. ಗಂಡಸಿನ ಕೈಗೆ ಗ್ರೀಸು ಹತ್ತಬೇಕೇ ಹೊರತು ಸೂಜಿ ಚುಚ್ಚಬಾರದು ಎಂಬುದು ಮಾವನ ಸಿದ್ಧಾಂತ. ಮದುವೆಯಾಗಿ ಎಂಟು ವರ್ಷವಾದರೂ ಅವರು ಅಂಗಿ ಹೊಲಿಸುವುದು ಅಳಿಯನ ಅಂಗಡಿಯ ಎದುರಂಗಡಿಯಲ್ಲಿ, ಅದೂ ಅಳಿಯನಿಗೆ ಚೆನ್ನಾಗಿ ಕಾಣುವ ಹಾಗೆ ಕೈ ಚಾಚಿ ನಿಂತು ಅಳತೆ ಕೊಟ್ಟು. ಗಿರಾಕಿಗಳು ಸುಮ್ಮನಿರುತ್ತಾರೆಯೇ? ನಿಮ್ಮ ಮಾವನೇ ನಿಮ್ಮ ಹತ್ತಿರ ಹೊಲಿಸಲ್ಲ, ನಾವು ಯಾವ ಧೈರ್ಯದ ಮೇಲೆ ಕೊಡೋದು ಎಂದು ನಗುತ್ತ ಕೇಳುತ್ತಾರೆ. ಅಳಿಯನೂ ನಗುತ್ತಾನೆ. ಒಂದೇ ಒಂದು ಅಂಗಿ, ಒಮ್ಮೆ ಕೊಟ್ಟು ನೋಡಲಿ ಎಂಬ ಮಾತು ಮಾತ್ರ ಎಂಟು ವರ್ಷದಿಂದ ಗಂಟಲಲ್ಲೇ ಉಳಿದಿದೆ. ಈಗಲೂ ಅಷ್ಟೇ. ಬೇಡವಾದ ಮಾಸಲು ಡಬ್ಬಿಯದನ್ನು ಮೇಲಿನ ಹಲಗೆಗೆ ತಾವೇ ಇಡಲು ಮಾವ ಕೈ ಎತ್ತಿದಾಗ ಅಂಗಿ ಕಂಕುಳಲ್ಲಿ ಹಿಡಿದು, ಪ್ಯಾಂಟಿನೊಳಗಿಂದ ಪೂರ್ತಿ ಮೇಲೆದ್ದು ಬಂತು. ಅಳಿಯನ ಬೆರಳುಗಳು ತುರಿಸತೊಡಗಿದವು.

ತುರಿಕೆ ತಾಳಲಾರದೆ ಅವನು ಎಣ್ಣೆ ಡಬ್ಬ ಕೆಳಗಿಟ್ಟು, ಮಾವ ಆರಿಸಿದ್ದ ಫಿಲ್ಟರನ್ನು ಕೈಗೆತ್ತಿಕೊಂಡ. ಅದರಲ್ಲಿ ಎಂಥದೋ ಯಂತ್ರ ಇರುತ್ತದೆ ಎಂದುಕೊಂಡಿದ್ದ. ನೋಡಿದರೆ ಎರಡು ಮುಚ್ಚಳಗಳ ನಡುವೆ ಬರೀ ಕಾಗದ. ಶಾಲೆಗೆ ಹೋಗುವ ಹುಡುಗಿಯರ ಸ್ಕರ್ಟಿನ ಹಾಗೆ ಸುತ್ತಲೂ ನೆರಿಗೆ. ಅವನ ಹೆಬ್ಬೆರಳಿನ ಉಗುರು ತಾನಾಗಿಯೇ ಅದರ ಮೇಲೆ ಓಡಿತು, ತುಟಿ ಎಣಿಸತೊಡಗಿತು.

"ಅಳಿಯಂದಿರೇ, ಅದಕ್ಕೆ ಗುಂಡಿ ಹಾಕೋದೇನೂ ಬೇಡ," ಎಂದರು ಮಾವ. ಅಂಗಡಿಯಾಕೆ ಕನ್ನಡಕದ ಹಿಂದೆ ನಕ್ಕಳು.

ಅಳಿಯನ ಎಣಿಕೆ ತಪ್ಪಲಿಲ್ಲ. ಮುಗಿದ ಮೇಲೆ, ಹಲಗೆಯ ಮೇಲಿನದನ್ನೂ ಒಂದು ಸಲ ಇಳಿಸಿ ಎಂದು ಅಂಗಡಿಯಾಕೆಗೆ ಹೇಳಿ, ಅದನ್ನೂ ಒಂದೇ ಉಸಿರಿನಲ್ಲಿ ಎಣಿಸಿದ.

"ಮಾವ, ನಿಮ್ಮದರಲ್ಲಿ ಮೂವತ್ತೆಂಟು ನೆರಿಗೆ. ಇದರಲ್ಲಿ ಐವತ್ತೆರಡು."

"ಇದ್ದರೆ ಏನಂತೆ?"

"ಬಟ್ಟೆ ಉಳಿಸಿದ್ದಾರೆ. ಆ ಭಾರ ಎಲ್ಲ ಮುಚ್ಚಳದ್ದು."

ಬಟ್ಟೆಯಲ್ಲ, ಕಾಗದ ಎಂದು ಮಾವ ತಿದ್ದುವಷ್ಟರಲ್ಲಿ ಅವನು ಹೊಳೆಯುವ ಡಬ್ಬಿಯದನ್ನು ಬೆಳಕಿಗೆ ತಿರುಗಿಸಿದ್ದ. ಒಂದು ಕಡೆ ಮೂರು ನೆರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು, ಪಕ್ಕದಲ್ಲಿ ಬೆರಳು ತೂರುವಷ್ಟು ಬಯಲು. ಕಾಗದದ ಎರಡು ತುದಿಗಳು ಕೂಡುವ ಕಡೆ ಅಳಿಯ ಮೆಲ್ಲಗೆ ಉಗುರು ಇಟ್ಟ. ಅಂಟು ಬಿಟ್ಟು ಬಾಯಿ ತೆರೆಯಿತು.

"ಜಾಯಿಂಟೇ ನಿಂತಿಲ್ಲ ನೋಡಿ. ಕೊಳಕು ಎಣ್ಣೆ ಸೋಸಿಕೊಳ್ಳೋಕೆ ಅಂತ ನೆರಿಗೆ ಹುಡುಕ್ತಾ ಕೂರಲ್ಲ, ಈ ಸಂದೀಲೇ ನುಗ್ಗುತ್ತೆ. ಸ್ಕರ್ಟ್ ಆದ್ರೆ ಪಿನ್ ಚುಚ್ಚಿ ದಿನ ತಳ್ಳಬಹುದು. ಇಂಜಿನ್ನಿಗೆ ಏನು ಚುಚ್ತೀರಿ ಮಾವ?"

ಅಂಗಡಿಯಾಕೆ ಕನ್ನಡಕ ಮೂಗಿಗೇರಿಸಿ ತಾನೂ ಉಗುರು ಹಾಕಿ ನೋಡಿದಳು. ಆಮೇಲೆ ಹೊಳೆಯುವ ಡಬ್ಬಿಗಳ ಸಾಲನ್ನೇ ಇಳಿಸಿ, ಬರಲಿ ಆ ಏಜೆಂಟು, ಅವನಿಗೇ ಕೂತು ಎಣಿಸು ಅಂತೀನಿ ಎಂದು ಗೊಣಗುತ್ತ ಚೀಲಕ್ಕೆ ತುಂಬಿದಳು.  ಮಾಸಲು ಡಬ್ಬಿಯದನ್ನು ಎತ್ತಿಕೊಂಡು ತಟ್ಟಲು ಹೋದ ಮಾವ ತಟ್ಟದೆ, ಹೆಬ್ಬೆರಳಿನಿಂದ ನೆರಿಗೆಗಳ ಮೇಲೆ ಒಂದು ಸುತ್ತು ಸವರಿದರು.

"ಇವರು ಹೇಳಿದ್ದೇ ಕೊಡಮ್ಮ," ಎಂದರು.

ದಾರಿಯುದ್ದಕ್ಕೂ ಸಿಗ್ನಲ್ ದೀಪಗಳ ಬಗ್ಗೆ, ಈಗಿನವರ ಡ್ರೈವಿಂಗ್ ಬಗ್ಗೆ ಬಿಟ್ಟರೆ ಮಾವ ಬೇರೇನೂ ಮಾತಾಡಲಿಲ್ಲ. ಮನೆಯಲ್ಲಿ ಮಗಳು ಕೇಳಿದ್ದಕ್ಕೆ, ಎರಡಿದ್ದವು, ಚೆನ್ನಾಗಿ ನೋಡಿ ಗಟ್ಟಿಯಾದದ್ದನ್ನು ಆರಿಸಿದೆ ಎಂದರು. ಅಳಿಯ ಕೈ ತೊಳೆಯಲು ಬಚ್ಚಲಿಗೆ ಹೋದ.

ಮರುದಿನ ಬೆಳಗ್ಗೆ ಅವನು ಅಂಗಡಿಯ ಬಾಗಿಲು ತೆಗೆದಾಗ ಮೆಟ್ಟಿಲ ಮುಂದೆ ಕಾರು ನಿಂತಿತ್ತು. ಇಂಜಿನ್ ಆರಿಸಿರಲಿಲ್ಲ, ಹೊಸ ಎಣ್ಣೆ, ಹೊಸ ಫಿಲ್ಟರು, ಸದ್ದು ಹಿತವಾಗಿತ್ತು. ಮಾವ ಇಳಿದು ಬಂದರು, ಆದರೆ ಒಳಗೆ ಬರಲಿಲ್ಲ. ಹೊಸ್ತಿಲ ಮೇಲೇ ನಿಂತು, ಎದುರಂಗಡಿಗೆ ನೇರ ಮುಖ ಮಾಡಿ, ಎರಡೂ ಕೈ ಅಗಲಿಸಿದರು. ಅಂಗಿ ಕಂಕುಳಲ್ಲಿ ಹಿಡಿಯಿತು.

"ಬೇಗ ಅಳತೆ ತಗೊಳ್ಳಿ, ಗಾಡಿ ಸ್ಟಾರ್ಟಲ್ಲಿದೆ," ಎಂದರು, ತಿರುಗಿ ನೋಡದೆ. "ಜಾಯಿಂಟು ಗಟ್ಟಿ ಇರಲಿ."

ಎದುರಂಗಡಿಯ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು. ಐವತ್ತೆರಡು ನೆರಿಗೆಯನ್ನು ಒಂದೇ ಉಸಿರಿನಲ್ಲಿ ಎಣಿಸಿದ್ದ ಅಳಿಯ ಮಾವನ ಎದೆಗೆ ಟೇಪು ಸುತ್ತಿದ, ಅಂಕಿ ನೋಡಿದ, ಬರೆದುಕೊಳ್ಳಲು ತಿರುಗುವಷ್ಟರಲ್ಲಿ ಮರೆತ, ಮತ್ತೆ ಸುತ್ತಿದ.