ಹಳ್ಳ ದಾಟಿದ ಜೀಪು

ಜೀಪಿನ ಹಿಂದಿನ ಚಕ್ರ ಹಳ್ಳದ ಕಲ್ಲುಗಳ ಸಂದಿಗೆ ಇಳಿದು ನಿಂತೇಬಿಟ್ಟಿತು. ಮುನಿಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು. ಇವತ್ತು ಸೋಮವಾರ. ಕತ್ತಲಾಗುವವರೆಗೆ ಇದು ಅಲುಗದಿದ್ದರೆ ಸಾಕು. ನಾಳೆ ಮಂಗಳವಾರ, ಮಗಳನ್ನು ಗಂಡನ ಮನೆಗೆ ಕಳಿಸುವ ದಿನವಲ್ಲ. ತವರೂರು ಆವತಿಗೆ, ಅವ್ವನ ಹತ್ತಿರ, ಇನ್ನೊಂದು ದಿನಕ್ಕಾದರೂ ವಾಪಸು ಹೋಗಬಹುದು.

ಅಪ್ಪ ಕೆಳಗಿಳಿದು ಬಗ್ಗಿ ನೋಡಿದ. "ಯುದ್ಧಕ್ಕೆ ಅಂತ ಮಾಡಿದ ಗಾಡಿ ಕಣವ್ವಾ ಇದು. ನಮ್ಮೂರ ಹಳ್ಳಕ್ಕೆ ಹೆದರ್ತದಾ?" ಎಂದು ನಕ್ಕ. ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ, ಗಂಡ ಬೀಡಿಯಿಂದ ಸುಟ್ಟ ಗುರುತುಗಳು ಕಾಣುವಂತೆ ಕೈಯನ್ನು ಜೀಪಿನ ಅಂಚಿನ ಮೇಲಿಟ್ಟು ಕಾದಳು. ಅಪ್ಪ ಆ ಕೈಯ ಪಕ್ಕದಲ್ಲೇ ನಿಂತು ಚಕ್ರ ತಡವಿದ, ಜೀಪಿನ ಕೆಳಗೆ ತೂರಿ ಚಕ್ರದ ಅಚ್ಚನ್ನೂ ತಡವಿದ. ಆಮೇಲೆ ಹತ್ತಿ ಕೂತು ಇನ್ನೊಂದು ಗೇರು ಎಳೆದ. ನಾಲ್ಕೂ ಚಕ್ರ ಒಟ್ಟಿಗೆ ಕಲ್ಲು ಕಚ್ಚಿದವು; ಜೀಪು ನರಳುತ್ತಾ ಆಚೆ ದಡ ಹತ್ತಿತು.

"ನೋಡ್ದಾ ಮಗಾ, ಒಂದು ಗೀರೂ ಬಿದ್ದಿಲ್ಲ!"

ಎದುರಿಗೆ ಗಂಡನ ಊರಿನ ತೆಂಗಿನಮರಗಳು ಕಾಣತೊಡಗಿದ್ದವು. ಮುನಿಲಕ್ಷ್ಮಿ ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿಕೊಂಡಳು.