ಎಡಗಣ್ಣು

ಓವನ್ನಿನ ಗಾಜಿನೊಳಗೆ ಭದ್ರಮ್ಮ ಇಣುಕಿದರು. ಮಗ ದೀಪುವಿನ ಕಾರಿನ ಎಡಗಣ್ಣು ಒಳಗೆ ಬೇಯುತ್ತಿತ್ತು.

"ಎಷ್ಟು ಕೂಗು ಕೂಗಿಸ್ಬೇಕವ್ವ ಇದನ್ನ?"

"ಏಳು ನಿಮಿಷ ಸಾಕ್ರಿ ಅಮ್ಮಾರ. ಹೆಚ್ಚಾದ್ರ ಹಪ್ಪಳದಂಗ ಸೊಟ್ಟ ಆಕ್ಕೈತಿ. ಆಮ್ಯಾಲ ನಿಮ್ಮ ಮಗ ನನ್ನ ಬೇಯಸ್ತಾರ," ಎಂದಳು ಸುಮಂಗಲಾ, ಗಡಿಯಾರದಿಂದ ಕಣ್ಣು ತೆಗೆಯದೆ.

ಬೊಮ್ಮನಹಳ್ಳಿಯ ಭದ್ರಮ್ಮನ ಮನೆಯ ಕೆಳಗಿನ ಈ ಮಳಿಗೆಯನ್ನು ಅವಳು ಬಾಡಿಗೆಗೆ ಹಿಡಿದು ಹನ್ನೊಂದು ದಿನವಾಗಿತ್ತು. ಸರ್ಕ್ಯೂಟ್ ಬೋರ್ಡಿನ ಕಾರ್ಖಾನೆಯಲ್ಲಿ ಆರು ವರ್ಷ ಬೆಸುಗೆ ಹಾಕಿದ ಕೈ. ಹೆಡ್‌ಲೈಟ್ ಕಾಸಿ ಬಿಚ್ಚಿ, ಒಳಗೆ ಅಲಂಕಾರದ ಎಲ್‌ಇಡಿ ಕೂರಿಸುವುದನ್ನು ಕಲಿತದ್ದು ಮಾರತ್ತಹಳ್ಳಿಯ ಗ್ಯಾರೇಜೊಂದರಲ್ಲಿ. ಒಬ್ಬಳೇ ಬಿಚ್ಚುತ್ತಿರುವ ಮೊದಲ ಜೋಡಿ ಇದು. ಚೆನ್ನಾಗಿ ಬಂದರೆ ದೀಪುವಿನ ಆಫೀಸಿನ ನಾಲ್ಕು ಕಾರುಗಳು ಮುಂದಿನ ಭಾನುವಾರ ಇಲ್ಲಿರುತ್ತವೆ. ಕೆಟ್ಟರೆ ಆ ಮಾತೂ ಅದೇ ನಾಲ್ಕು ಕಾರುಗಳಲ್ಲಿ ಊರು ಸುತ್ತುತ್ತದೆ.

ಏಳು ನಿಮಿಷ ಮುಗಿಯಿತು. ಕೈಗವಸು ತೊಟ್ಟು ದೀಪವನ್ನು ಮೇಜಿಗೆ ತಂದಳು. ಅಂಚಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು, ಉಸಿರು ಹಿಡಿದು ಎತ್ತಿದಳು. ಕರಿಯ ಅಂಟು ಬೆಲ್ಲದ ಪಾಕದಂತೆ ಎಳೆಯೆಳೆಯಾಗಿ ಹಿಗ್ಗಿ ಹರಿಯಿತು. ಮುಂಗಾಜು ಬೇರೆ, ಒಡಲು ಬೇರೆ. ಎಲ್ಲೂ ಬಿರುಕಿಲ್ಲ.

"ಒಳಗ ಯಾರೂ ಮುಟ್ಟಂಗಿಲ್ರಿ. ಬೆರಳಿನ ಗುರುತು ಬಿದ್ರ, ಮುಚ್ಚಿದ ಮ್ಯಾಲ ಒರಸಾಕ ಬರಂಗಿಲ್ಲ."

"ನಾನ್ಯಾಕ್ ಮುಟ್ಲವ್ವ," ಎಂದ ಭದ್ರಮ್ಮನ ಕೈ ಸೆರಗಿನೊಳಗಿತ್ತು.

ಬಳೆಯಂಥ ಹೊಸ ಎಲ್‌ಇಡಿಯನ್ನು ಕೂರಿಸಿ, ತಂತಿ ಬೆಸೆದು, ಸುಮಂಗಲಾ ಅಂಟಿನ ಸುರುಳಿ ತರಲು ಹಿಂದಿನ ಕೋಣೆಗೆ ಹೋದಳು. ಬಂದವಳೇ ಅಂಚಿನ ಸುತ್ತ ಅಂಟು ಹಾಸಿ, ಗಾಜು ಒತ್ತಿ, ಕ್ಲಿಪ್ಪು ಬಿಗಿದಳು. ನೀರು ಹೋಗುವಷ್ಟು ಸಂದಿಯೂ ಉಳಿಯಬಾರದು; ಅವಳ ಕಣ್ಣೆಲ್ಲ ಅಂಚಿನ ಮೇಲೇ ಇತ್ತು.

ಊಟ ಮುಗಿಸಿ ದೀಪು ಬಂದ. ಷಟರನ್ನು ಅರ್ಧ ಇಳಿಸಿ ಅವಳು ದೀಪಕ್ಕೆ ಬ್ಯಾಟರಿ ಕೊಟ್ಟಳು. ಬಿಳಿ ಬಳೆ ಹೊತ್ತಿಕೊಂಡಿತು.

"ಸಕ್ಕತ್, ಅಕ್ಕ!" ಎಂದವನು ಬಗ್ಗಿದ. "ಇದೇನು?"

ಬಳೆಯ ಮೇಲುಗಡೆ, ಕಪ್ಪು ಪ್ಲಾಸ್ಟಿಕ್ಕಿನ ಹಣೆಯಲ್ಲಿ, ಒಂದು ಕೆಂಪು ಚುಕ್ಕೆ. ಸುಮಂಗಲಾ ಗಾಜನ್ನು ಒರೆಸಿದಳು. ಹೋಗಲಿಲ್ಲ. ಅದು ಒಳಗಿತ್ತು.

ಇಬ್ಬರೂ ಭದ್ರಮ್ಮನ ಕಡೆ ತಿರುಗಿದರು.

"ಎಣ್ಣೆಗೆ ಕಲಸಿ ಇಕ್ಕಿವ್ನಿ, ಉದುರಾಕಿಲ್ಲ," ಎಂದರು ಅವರು. "ಬೋರು ಕೊರೆಸ್ದಾಗ್ಲೂ, ಪಾಯ ಹಾಕ್ದಾಗ್ಲೂ ಕುಂಕುಮ ಇಕ್ಕೇ ಮುಚ್ಚಿದ್ದು. ಆಯುಧಪೂಜೇಲಿ ಕಾರಿಗೆ ಇಕ್ಕಿದ್ದು ನೀನು ತೊಳೆದ್ರೆ ಹೋಗ್ತಿತ್ತು. ಇವತ್ತು ಒಳಗೇ ತೆಗೆದೈತಲ್ಲ ಅಂತ..."

"ಅಮ್ಮಾ!"

"ಮತ್ತ ಬಿಚ್ಚತೀನ್ರಿ," ಎಂದಳು ಸುಮಂಗಲಾ. "ಆದ್ರ ಎರಡನೇ ಸಲ ಕಾಸಿದ್ರ ಆಕಾರ ಉಳೀತೈತಿ ಅಂತ ಹೇಳಾಕ ಆಗಂಗಿಲ್ಲ." ನಾಲ್ಕು ಕಾರುಗಳು ಹೊಸೂರು ರಸ್ತೆಯಲ್ಲಿ ಒಂದರ ಹಿಂದೊಂದು ತಿರುಗಿ ಹೋಗುವುದು ಅವಳ ಕಣ್ಣಿಗೆ ಕಟ್ಟಿತು.

ದೀಪು ಫೋನನ್ನು ದೀಪದ ಹತ್ತಿರ ಹಿಡಿದ. ಫೋಟೋ ತೆಗೆದ, ಹಿಗ್ಗಿಸಿ ನೋಡಿದ, ಯಾರಿಗೋ ಕಳಿಸಿದ. ಫೋನ್ ಎರಡು ಸಲ ಗುಂಯ್‌ಗುಟ್ಟಿತು. ಓದಿ ಅವನಿಗೆ ನಗು ತಡೆಯಲಾಗಲಿಲ್ಲ.

"ನಮ್ಮ ಆಫೀಸಿನ ಶಶಿಕುಮಾರ ಕೇಳ್ತಿದ್ದಾನೆ, ಆ ಕೆಂಪು ಎಲ್‌ಇಡಿ ಎಕ್ಸ್‌ಟ್ರಾನಾ ಅಂತ. ಅವನಿಗೂ ಬೇಕಂತೆ." ಇನ್ನೂ ಬಿಚ್ಚದ ಬಲಗಡೆಯ ದೀಪವನ್ನು ಅವನೇ ಎತ್ತಿ ಓವನ್ನಿನ ಪಕ್ಕ ಇಟ್ಟ. "ಇದಕ್ಕೂ ಇಡಮ್ಮ. ಒಂದಕ್ಕೇ ಇಟ್ರೆ ಇನ್ನೊಂದು ಮುನಿಸ್ಕೊಳ್ಳುತ್ತೆ."

ಬಲಗಣ್ಣೂ ಬೆಂದು ತೆರೆದುಕೊಂಡಾಗ ಸುಮಂಗಲಾ ಡ್ರಾಯರಿನಿಂದ ಹೊಸ ಜೊತೆ ಕೈಗವಸು ತೆಗೆದು ಭದ್ರಮ್ಮನ ಮುಂದೆ ಹಿಡಿದಳು.

"ಒಳಗ ಕೈ ಹಾಕೂದಾದ್ರ ಇದನ್ನ ಹಾಕ್ಕೋಬೇಕ್ರಿ."

"ಗ್ಲೌಸ್ ಹಾಕ್ಕೊಂಡು ಯಾರಾದ್ರೂ ಕುಂಕುಮ ಇಕ್ತಾರೇನವ್ವ?"

"ನಮ್ಮ ಅಂಗಡ್ಯಾಗ ಇಡ್ತಾರ್ರಿ."

ಭದ್ರಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ, ಬಿಳಿ ಕೈಗವಸನ್ನು ಒಂದೊಂದೇ ಬೆರಳಿಗೆ ತೊಟ್ಟು, ಕುಂಕುಮದ ಭರಣಿ ತೆರೆದರು. ಎಡಗಣ್ಣಿನ ಚುಕ್ಕೆಯ ಅಳತೆ ತೆಗೆದುಕೊಂಡು, ಸುಮಂಗಲಾ ಸ್ಕೇಲನ್ನು ಬಲಗಣ್ಣಿನ ಹಣೆಗೆ ಹಿಡಿದು ಬಗ್ಗಿದಳು.

"ಇನ್ನೊಂದೆರಡು ಮಿಲಿಮೀಟರ್ ಮ್ಯಾಲ, ಅಮ್ಮಾರ."