ಮೂರು ಕಲ್ಲು

ಕಾಡಂಚಿನ ಬಯಲಿನಲ್ಲಿ ಅದು ಆ ದಿನದ ಮೂರನೆಯ ಟೆಂಟು. ಹೇಳಿದ್ದನ್ನೇ ಹೇಳಿ ಅರಣ್ಯ ಕಾವಲುಗಾರ ಬೊಮ್ಮನಿಗೆ ಸಾಕಾಗಿಹೋಗಿತ್ತು.

“ಇಲ್ಲಿ ಉಳ್ಕೊಳಂಗಿಲ್ಲ. ಬಿಚ್ಚಿ.”

“ಸರ್ಕಾರಿ ಜಾಗ ಅಲ್ವಾ? ಪುಕ್ಕಟೆ ಟೆಂಟ್ ಹಾಕ್ಬಹುದು ಅಂತ ಮೊಬೈಲಲ್ಲಿತ್ತು,” ಎಂದ, ಹುಡುಗಿಯೊಬ್ಬಳ ಜೊತೆ ಟೆಂಟಿನ ಮುಂದೆ ಕೂತಿದ್ದ ಯುವಕ.

“ಯಾರಾದ್ರೂ ಅಷ್ಟೆ, ಉಳ್ಕೊಳಂಗಿಲ್ಲ. ಕಾಡು ಇರೋದು ಪ್ರಾಣಿಗಳಿಗೆ.”

ಇಬ್ಬರೂ ಸೋತ ಮುಖದಲ್ಲೇ ಟೆಂಟು ಮಡಚಿದರು; ಬಿಸ್ಕತ್ತಿನ ಕಾಗದವನ್ನೂ ಬಿಡದೆ ಹೆಕ್ಕಿದರು. ಚಹಾ ಕಾಯಿಸಿದ್ದ ಬೂದಿಗೆ ನೀರು ಹೊಯ್ದು, ಹುಡುಗಿ ಒಲೆಯ ಮೂರು ಕಲ್ಲುಗಳನ್ನು ಕಿತ್ತು ಪೊದೆಯತ್ತ ಒಯ್ಯತೊಡಗಿದಳು.

“ಮನುಷ್ಯರು ಇದ್ದ ಗುರುತೇ ಉಳಿಯಲ್ಲ, ಅಣ್ಣ.”

ಬೊಮ್ಮ ಅವಳ ಕೈಯಿಂದ ಕಲ್ಲುಗಳನ್ನು ಇಸಿದುಕೊಂಡ. ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೂ ಮೊದಲಿದ್ದ ಗುಳಿಯಲ್ಲೇ ಕೂರಿಸಿದ.

“ಇದಿರ್ಲಿ ಬಿಡವ್ವ. ಇಲ್ಲಿಂದ ನಮ್ಮನ್ನ ಒಕ್ಕಲೆಬ್ಬಿಸೋಕೆ ಮುಂಚೆ ನಮ್ಮವ್ವ ಹೂಡಿದ್ದ ಒಲೆ.”